ಮಾರಾಟವೋ ತ್ಯಾಗವೋ?
ಪಿತ್ರಾರ್ಜಿತ ಅನಿಲ ರಾಜಧನ ಮತ್ತು ಪರಿಗ್ರಹ ಪರಿಮಾಣ ವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವನ್ನು ಸ್ವೀಕರಿಸುವವರು ಸಾಮಾನ್ಯವಾಗಿ ಹೊಲ, ಮನೆ, ಬೆಳ್ಳಿಬಂಗಾರ, ದನಧಾನ್ಯ, ಬಟ್ಟೆಬರೆ, ಪಾತ್ರೆಪಡಗಗಳೆಂಬ ಕ್ರಮದಲ್ಲಿ ತಮ್ಮ ಸ್ವತ್ತನ್ನು ಎಣಿಸುತ್ತ ಹೋಗುತ್ತಾರೆ. ಪೂರ್ವಾಚಾರ್ಯರಿಂದ ಬಂದ ಈ ಎಣಿಕೆಯು ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳಿಗೆ ಸಲೀಸಾಗಿ ಒಪ್ಪುತ್ತದೆ. ಆದರೆ ವಸ್ತುವು ಸಾವಿರಾರು ಅಡಿ ಆಳದ ಬಂಡೆಯೊಳಗಿದ್ದು, ಸ್ವಾಮ್ಯವು ಕಾಗದದ ಮೇಲೆ ಮಾತ್ರ ಇದ್ದು, ಅದನ್ನು ತೆಗೆಯುವವರು ಬೇರೆಯವರಾಗಿ, ತಿಂಗಳಿಗೊಮ್ಮೆ ಹಣ ತಾನಾಗಿಯೇ ಬಂದು ಸೇರುತ್ತಿದ್ದರೆ ಅಂತಹ ಸ್ವತ್ತನ್ನು ಯಾವ ಸಾಲಿನಲ್ಲಿ ಬರೆಯಬೇಕು? ಅದನ್ನು ಮಾರಿಬಿಟ್ಟ ಮಾತ್ರಕ್ಕೆ ವ್ರತವು ನಿರ್ಮಲವಾಗುವುದೇ?

ಭಾರತದಲ್ಲಿ ಭೂಗರ್ಭದ ನೈಸರ್ಗಿಕ ಅನಿಲದ ರಾಜಧನವು ಸರ್ಕಾರಕ್ಕೆ ಸಲ್ಲುವುದರಿಂದ ಈ ಪ್ರಶ್ನೆ ಇಲ್ಲಿಯ ಒಕ್ಕಲುತನದ ಮನೆಗಳಲ್ಲಿ ಹುಟ್ಟಲಾರದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನೆಲದಡಿಯ ಅನಿಲವು ಖಾಸಗಿ ಸ್ವತ್ತು. ನೆಲದ ಒಡೆತನದಿಂದ ಅದನ್ನು ಬೇರ್ಪಡಿಸಿ ಮಾರಬಹುದು, ಮಕ್ಕಳಿಗೆ ಹಂಚಬಹುದು. 1965ರಲ್ಲಿ ಆ ದೇಶದ ವಲಸೆ ಕಾನೂನು ಬದಲಾದ ತರುವಾಯ ಅಲ್ಲಿಗೆ ಹೋಗಿ ನೆಲೆಸಿದ ವೈದ್ಯರ, ಇಂಜಿನಿಯರರ ತಲೆಮಾರಿಗೆ ಈಗ ವಯಸ್ಸಾಗಿದೆ; ಅವರ ಆಸ್ತಿಯು ಅಲ್ಲಿರುವ ಮಕ್ಕಳಿಗೂ ಊರಿನಲ್ಲಿರುವ ಬಂಧುಗಳಿಗೂ ಬರುತ್ತಿದೆ. ಅಂತಹ ಒಂದು ದಿಗಂಬರ ಜೈನ ಮನೆತನವನ್ನು ವಿಚಾರಕ್ಕಾಗಿ ಭಾವಿಸಬಹುದು. ತಂದೆಯು ಪೆನ್ಸಿಲ್ವೇನಿಯಾ ರಾಜ್ಯದ ಈಶಾನ್ಯ ಭಾಗದಲ್ಲಿ ಎರಡು ತುಂಡು ಜಮೀನನ್ನು ಅನಿಲದ ಹಕ್ಕಿನ ಸಮೇತ ಕೊಂಡಿದ್ದನು. 2008ರ ಸುಮಾರಿಗೆ ಆ ಪ್ರದೇಶದ ಮಾರ್ಸೆಲಸ್ ಎಂಬ ಶಿಲಾಸ್ತರದಿಂದ ಅನಿಲ ತೆಗೆಯುವ ಭರಾಟೆ ಎದ್ದಾಗ ಒಂದು ತುಂಡನ್ನು ಗುತ್ತಿಗೆಗೆ ಕೊಟ್ಟನು. ಅಲ್ಲಿ ಬಾವಿಗಳಾದವು, ರಾಜಧನ ಬರತೊಡಗಿತು. ಇನ್ನೊಂದು ತುಂಡು ಹಾಗೆಯೇ ಉಳಿಯಿತು. ಅವನು ತೀರಿಕೊಂಡ ಮೇಲೆ ಎರಡೂ ತುಂಡುಗಳ ಹಕ್ಕು ಊರಿಗೆ ಮರಳಿರುವ ಪತ್ನಿಗೂ, ಅಲ್ಲಿಯೇ ಇರುವ ಮಗನಿಗೂ, ಬೆಳಗಾವಿಗೆ ಕೊಟ್ಟ ಮಗಳಿಗೂ ಸಮಪಾಲಾಗಿ ಬಂದಿದೆ. ಇಷ್ಟರಲ್ಲಿ ಖರೀದಿದಾರನೊಬ್ಬನ ಪತ್ರ ಬರುತ್ತದೆ: ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆದುಕೊಟ್ಟರೆ ಇಂತಿಷ್ಟು ಹಣ. ಇಂತಹ ಪತ್ರಗಳು ಅಲ್ಲಿ ವಾರಸುದಾರರ ಮನೆಗೆ ಕರೆಯದೆಯೇ ಬರುತ್ತವೆ.

ತಾಯಿಯು ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವಳು. ಬರುವ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಮುನಿಗಳ ಸಮ್ಮುಖದಲ್ಲಿ ಪರಿಗ್ರಹ ಪರಿಮಾಣವನ್ನು ಇನ್ನೂ ಸಂಕೋಚಗೊಳಿಸಬೇಕೆಂಬುದು ಅವಳ ಸಂಕಲ್ಪ. ಮಗಳು, “ಅವ್ವ, ಎಲ್ಲವನ್ನೂ ಮಾರಿಬಿಡೋಣ, ಭೂಮಿ ಸೀಳಿದ ಪಾಪದ ಹಣ ನಮಗೇಕೆ?” ಎನ್ನುತ್ತಾಳೆ. ಮಗನು, “ಈಗ ಬೆಲೆ ಬಿದ್ದಿದೆ, ಅಕ್ಕ. ಎರಡು ವರ್ಷ ತಡೆದರೆ ಇಮ್ಮಡಿಯಾದೀತು” ಎನ್ನುತ್ತಾನೆ. ಒಬ್ಬಳು ಪಾಪಭೀರು, ಒಬ್ಬನು ವ್ಯವಹಾರಸ್ಥ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಇಬ್ಬರೂ ಎರಡು ಬಗೆಯ ಸ್ವತ್ತನ್ನು ಒಂದೆಂದು ತಿಳಿದು ಮಾತನಾಡುತ್ತಿದ್ದಾರೆ. ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟಿದೆ.

ಬಾವಿಯಾಗಿರುವ ತುಂಡಿನ ವಿಷಯ ಹೀಗಿದೆ. ಪೆನ್ಸಿಲ್ವೇನಿಯಾದಲ್ಲಿ 1979ರ ಒಂದು ಕಾನೂನಿನಂತೆ ಗುತ್ತಿಗೆ ಕೊಟ್ಟವನಿಗೆ ಉತ್ಪನ್ನದ ಎಂಟನೆಯ ಒಂದು ಪಾಲಿಗೆ ಕಡಿಮೆಯಿಲ್ಲದ ರಾಜಧನ ಸಲ್ಲಬೇಕು. ಗುತ್ತಿಗೆಯ ಅವಧಿಯು ಹೆಸರಿಗೆ ಕೆಲವೇ ವರ್ಷವಿದ್ದರೂ, ಲಾಭ ಬರುವಷ್ಟು ಅನಿಲ ಹೊರಬರುತ್ತಿರುವವರೆಗೆ ಅದು ಮುಂದುವರಿಯುತ್ತಲೇ ಇರುತ್ತದೆ. ಬಾವಿಯನ್ನು ನಿಲ್ಲಿಸುವ, ಮುಚ್ಚಿಸುವ, ನಿಧಾನಗೊಳಿಸುವ ಯಾವ ಅಧಿಕಾರವೂ ರಾಜಧನ ಪಡೆಯುವವನಿಗಿಲ್ಲ. ಅವನು ಪಾಲನ್ನು ಇಟ್ಟುಕೊಂಡರೂ ಮಾರಿದರೂ ಬಾವಿಯಿಂದ ಬರುವ ಅನಿಲದಲ್ಲಿ ಒಂದು ಗುಟುಕು ಹೆಚ್ಚುಕಡಿಮೆಯಾಗುವುದಿಲ್ಲ. ಒಬ್ಬ ಜೀವಿಯೂ ಉಳಿಯುವುದಿಲ್ಲ, ಅಳಿಯುವುದಿಲ್ಲ. ಹಾಗಾದರೆ ಮಾರಾಟದಿಂದ ಅಹಿಂಸೆ ಸಾಧಿಸಿತೆಂದು ಮಗಳು ಭಾವಿಸುವುದು ಸರಿಯಾಗದು. ತಂದೆಯ ಕರ್ಮವನ್ನು ಮಕ್ಕಳು ಉಣ್ಣುವುದಿಲ್ಲವೆಂಬುದು ಜಿನಾಗಮದ ನಿಲುವು. ಕೊಂಡವನಿಗೆ ದಾಟಿಸಿ ಕಳೆದುಕೊಳ್ಳಬಹುದಾದ ಪಾಪವೂ ಯಾವುದೂ ಇಲ್ಲ.

ಬಾವಿಯಾಗದ ತುಂಡಿನ ಸ್ಥಿತಿ ಇದಕ್ಕೆ ತೀರ ವಿಪರೀತವಾದುದು. ಅಲ್ಲಿ ವಾರಸುದಾರರ ಬಳಿ ಇರುವುದು ಹಣವಲ್ಲ, ‘ಬೇಡ’ ಎನ್ನುವ ಅಧಿಕಾರ. ತತ್ತ್ವಾರ್ಥಸೂತ್ರವು ಸಂರಂಭ, ಸಮಾರಂಭ, ಆರಂಭಗಳನ್ನು ಮನವಚನಕಾಯಗಳಿಂದಲೂ, ಕೃತ ಕಾರಿತ ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಬಗೆಯ ಆಸ್ರವದ್ವಾರಗಳನ್ನು ಹೇಳುತ್ತದೆ. ಗುತ್ತಿಗೆಯ ಪತ್ರಕ್ಕೆ ಸಹಿ ಹಾಕುವುದು ಅನುಮತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಹಕ್ಕನ್ನು, ತೋಡುವುದಕ್ಕೆಂದೇ ಕೊಳ್ಳುವವನಿಗೆ ಮಾರುವುದು? ಸಹಿ ತಮ್ಮದಲ್ಲವಾದರೂ ಸಹಿಗೆ ಇದ್ದ ಒಂದೇ ಅಡ್ಡಿಯನ್ನು ಹಣ ಪಡೆದು ತೆಗೆದಂತಾಯಿತು. ಪಾಪಭೀರುವಾದ ಮಗಳು ಮಾಡಹೊರಟದ್ದು ಇದನ್ನೇ. ಅನರ್ಥದಂಡಗಳಲ್ಲಿ ಹಿಂಸಾದಾನವೆಂದು ಒಂದುಂಟು. ಕೊಡಲಿ, ಕತ್ತಿ, ಗುದ್ದಲಿ ಮೊದಲಾದವನ್ನು ಪರರ ಕೈಗೆ ಕೊಡುವುದೇ ಅದು. ಈ ಹಕ್ಕು ಗುದ್ದಲಿಯಲ್ಲದಿದ್ದರೂ ಗುದ್ದಲಿಗೆ ದಾರಿಯಂತೂ ಹೌದು.

ನೆರೆಯವನು ತನ್ನ ಜಮೀನಿನಲ್ಲಿ ಬಾವಿ ತೋಡಿದರೆ ಈ ನಿರಾಕರಣೆಯಿಂದ ಏನು ಫಲವೆಂದು ಕೇಳಬಹುದು. ಕೇಳತಕ್ಕ ಮಾತೇ. 2020ರಲ್ಲಿ ಆ ರಾಜ್ಯದ ಪರಮೋಚ್ಚ ನ್ಯಾಯಾಲಯವು, ತೋಡಿದವನು ಗಡಿ ದಾಟಿ ಒಳನುಗ್ಗದಿದ್ದ ಪಕ್ಷದಲ್ಲಿ, ಅವನ ಬಾವಿಯತ್ತ ಹರಿದು ಬಂದ ನೆರೆಯ ಅನಿಲ ಅವನದೇ ಎಂಬ ಹಳೆಯ ನಿಯಮ ಈ ಹೊಸ ವಿಧಾನಕ್ಕೂ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಆದುದರಿಂದ ನಿರಾಕರಣೆಯು ಅಭೇದ್ಯವಾದ ಕೋಟೆಯಲ್ಲ. ಆದರೂ ಅಣುವ್ರತಿಗೆ ವಿಧಿಸಿರುವುದು ತನ್ನ ಕೃತ ಕಾರಿತ ಅನುಮತಗಳ ನಿಯಮನವನ್ನೇ ಹೊರತು ಲೋಕದ ಸಮಸ್ತ ಆರಂಭದ ತಡೆಯನ್ನಲ್ಲ.

ಗೃಹಸ್ಥನಿಗೆ ಸ್ಥಾವರ ಹಿಂಸೆ ಅನಿವಾರ್ಯ, ಒಲೆ ಹಚ್ಚದೆ ಅಡಿಗೆಯಾಗದು, ಆ ಒಲೆಯೂ ಈಗ ಅನಿಲದ್ದೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಗೃಹಸ್ಥನಿಗೆ ವಿನಾಯಿತಿ ಇರುವುದು ನಿಜ. ಸಂಕಲ್ಪೀ ಹಿಂಸೆಯನ್ನೇ ಅವನು ಪೂರ್ಣವಾಗಿ ಬಿಡಬೇಕಾದದ್ದು. ಆದರೆ ವಿನಾಯಿತಿಯು ಅವಶ್ಯಕತೆಯ ಮಟ್ಟಿಗೆ ಮಾತ್ರ. ಇಲ್ಲಿ ನಡೆಯುವ ಆರಂಭದ ಪ್ರಮಾಣವನ್ನು ಒಮ್ಮೆ ನೋಡಬೇಕು. ಬಾವಿಯನ್ನು ಕೆಳಗಿಳಿಸಿ, ಆಳದಲ್ಲಿ ಅಡ್ಡಲಾಗಿ ತಿರುಗಿಸಿ, ಮರಳು ಮತ್ತು ರಾಸಾಯನಿಕ ಬೆರೆಸಿದ ನೀರನ್ನು ಅತಿಯಾದ ಒತ್ತಡದಿಂದ ನುಗ್ಗಿಸಿ ಬಂಡೆಯನ್ನು ಸೀಳುತ್ತಾರೆ. ಒಂದೊಂದು ಬಾವಿಗೆ ಬೇಕಾಗುವ ನೀರು ಒಂದು ಕೋಟಿ ಲೀಟರಿಗೂ ಮಿಕ್ಕಿದ್ದು. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಯ ನೀರಿಗೆ ಮೆಲ್ಲನೆ ಇಳಿಸುವ ಪದ್ಧತಿಯು ನಮ್ಮ ಅಜ್ಜಿಯರ ಕಾಲದಲ್ಲಿ ಮನೆಮನೆಗೂ ಇದ್ದಿತು. ಆ ಜೀವಗಳು ಸಾಯದೆ ತಮ್ಮ ಮೂಲದ ನೀರಿನಲ್ಲಿಯೇ ಬದುಕಿ ಉಳಿಯಲೆಂಬುದು ಅದರ ತಾತ್ಪರ್ಯ. ಇಲ್ಲಿ ಹೊಳೆಯಿಂದ ತೆಗೆದ ನೀರು ಉಪ್ಪು, ವಿಷಗಳಿಂದ ಕಲುಷಿತವಾಗಿ ಹೊರಬಂದಾಗ ಒಂದಷ್ಟನ್ನು ಇನ್ನೊಂದು ಬಾವಿಗೆ ಮರಳಿ ಬಳಸುತ್ತಾರೆ. ಮತ್ತೊಂದಷ್ಟನ್ನು ಲಾರಿಗಳಲ್ಲಿ ಓಹಾಯೊ ರಾಜ್ಯಕ್ಕೆ ಸಾಗಿಸಿ ಪಾತಾಳಕ್ಕೆ ತುಂಬುತ್ತಾರೆ. ಆ ಭಾಗ ಮೂಲಕ್ಕೆ ಮರಳುವ ಮಾತೇ ಇಲ್ಲ. ಅದೇ ಪೆನ್ಸಿಲ್ವೇನಿಯಾದ ಡಿಮೋಕ್ ಎಂಬ ಹಳ್ಳಿಯಲ್ಲಿ 2009ರ ಹೊಸವರ್ಷದ ದಿನ ಒಂದು ಮನೆಯ ಕುಡಿಯುವ ನೀರಿನ ಬಾವಿಯೇ ಅನಿಲ ಸೇರಿ ಸ್ಫೋಟಿಸಿತು.

ಬಾವಿಯಾಗಿರುವ ತುಂಡಿನ ರಾಜಧನವನ್ನು ಇಟ್ಟುಕೊಳ್ಳುವುದರಿಂದ ಹೊರಗೆ ಏನೂ ಬದಲಾಗುವುದಿಲ್ಲವೆಂದ ಮೇಲೆ ಅದನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದೇ? ಒಳಗೆ ಏನು ನಡೆಯುತ್ತದೆಂಬುದನ್ನು ನೋಡದೆ ಹಾಗೆ ಹೇಳಲಾಗದು. ಆ ದೇಶದ ಅನಿಲದ ಬೆಲೆಗೆ ಅಳತೆಗೋಲಾಗಿರುವುದು ಲೂಸಿಯಾನಾದ ಹೆನ್ರಿ ಹಬ್ ಎಂಬ ಕೂಡುಸ್ಥಳದ ದರ. 2020ರ ಜೂನ್ ತಿಂಗಳಲ್ಲಿ ಅದು 2 ಡಾಲರಿಗಿಂತ ಕೆಳಗಿತ್ತು. 2022ರ ಆಗಸ್ಟ್ ತಿಂಗಳಲ್ಲಿ 8 ಡಾಲರಿಗೂ ಮೇಲೇರಿತು. 2024ರಲ್ಲಿ ಮತ್ತೆ 2 ಡಾಲರಿನ ಆಸುಪಾಸಿಗೆ ಇಳಿಯಿತು. 2022ರ ಏರಿಕೆಗೆ ಒಂದು ದೊಡ್ಡ ಕಾರಣ ಆ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಬಿದ್ದ ಯುದ್ಧ. ಅದರ ಹಿಂದಿನ ವರ್ಷದ ಫೆಬ್ರವರಿಯಲ್ಲಿ ಟೆಕ್ಸಾಸಿನ ಹಿಮಗಾಳಿಯಲ್ಲಿ 200ಕ್ಕೂ ಹೆಚ್ಚು ಜನ ಸತ್ತ ದಿನಗಳಲ್ಲಿಯೇ ಅಲ್ಲಿ ಅನಿಲದ ದರ ಊಹೆಗೆ ಮೀರಿ ಏರಿತ್ತು. ತಿಂಗಳ ರಾಜಧನಕ್ಕಾಗಿ ಕಾಯುವ ಮನಸ್ಸು ಯಾವಾಗ ಹಿಗ್ಗುತ್ತದೆ? ಕೊರೆಯುವ ಚಳಿ ಬಂದಾಗ, ಯುದ್ಧ ಮುಂದುವರಿದಾಗ. ಯಾರೂ ಬಾಯಿಬಿಟ್ಟು ಹಾಗೆ ಹಾರೈಸುವುದಿಲ್ಲ, ನಿಜ. ಆದರೆ ಸಾಮಾಯಿಕಕ್ಕೆ ಕುಳಿತವನ ಮನಸ್ಸಿನಲ್ಲಿ ಅದು ಸುಳಿದರೆ ಸಾಕು. ಅಪಧ್ಯಾನವೆಂದು ಶಾಸ್ತ್ರವು ಹೆಸರಿಟ್ಟದ್ದು ಅದಕ್ಕೇ. ಮಾರಾಟಕ್ಕೆ ನಿಜವಾದ ಕಾರಣ ಇಲ್ಲಿದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮಮತ್ವವೆಂದು ಉಮಾಸ್ವಾಮಿಗಳು ಹೇಳಿರುವಾಗ, ಪ್ರತಿ ತಿಂಗಳೂ ಮಮತ್ವವನ್ನು ಕೆದಕುವ ಸ್ವತ್ತು ಅದೇ ಬೆಲೆಯ ಜಡವಾದ ಬಂಗಾರಕ್ಕಿಂತ ವ್ರತಿಗೆ ಹೆಚ್ಚು ಭಾರವಾದುದು.

ಮಗನ ಕಾಯುವಿಕೆಗೂ ಒಂದು ಮಾತು ಹೇಳಬೇಕು. ಶಿಲಾಸ್ತರದ ಬಾವಿಯ ಉತ್ಪನ್ನವು ಮೊದಲ ವರ್ಷದಲ್ಲಿಯೇ ಅರ್ಧಕ್ಕಿಂತ ಹೆಚ್ಚು ಕುಸಿಯುವುದು ಸಾಮಾನ್ಯ. ಬಳಿಕ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ದರ ಏರಿದರೂ ಅಳತೆ ಇಳಿದಿರುತ್ತದೆ. ಅಲ್ಲದೆ ಆ ದೇಶದ ತೆರಿಗೆ ನಿಯಮದಂತೆ ವಾರಸುದಾರನ ಪಾಲಿನ ಮೂಲಬೆಲೆಯೆಂದು ಹಿಡಿಯುವುದು ಮೃತನ ಮರಣದ ದಿನದ ಮಾರುಕಟ್ಟೆ ಬೆಲೆಯನ್ನು. ಬೇಗನೆ ಮಾರಿದವನಿಗೆ ಲಾಭದ ಮೇಲಿನ ತೆರಿಗೆ ಬಹಳ ಬರುವುದಿಲ್ಲ. ಮರಣದ ದಿನದ ಬೆಲೆಕಟ್ಟಿಸಿದ ಪತ್ರವೊಂದನ್ನು ಪಡೆದಿಡುವುದು ಮಾತ್ರ ಅವಶ್ಯ. ಇವು ವ್ಯವಹಾರದ ಮಾತುಗಳು, ಇಲ್ಲಿಗೆ ಸಾಕು.

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಈ ವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭಗಳು ಸೇರಿವೆ. ಸರಕನ್ನು ಮಾರಿದ ಮೇಲೆ ಇನ್ನೊಬ್ಬನಿಗೆ ಹೆಚ್ಚು ಬೆಲೆ ಸಿಕ್ಕಿದ್ದನ್ನು ಕಂಡು ಕೊರಗುವುದನ್ನು ಟೀಕಾಕಾರರು ವಿಸ್ಮಯದ ಅರ್ಥವಾಗಿ ಹೇಳುತ್ತಾರೆ. ಕಾಳಿನ ವ್ಯಾಪಾರಿಯನ್ನು ಕುರಿತು ಹೇಳಿದ ಮಾತು ಅನಿಲದ ಪಾಲುಗಾರನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಈ ಮೂರೂ ಬಾರದಿರಬೇಕಾದರೆ ಪರಿಮಾಣವು ಬೆಲೆಗಿಂತ ಮೊದಲೇ ನಿಶ್ಚಿತವಾಗಿರಬೇಕು. ಖರೀದಿದಾರನ ಪತ್ರ ಓದಿದ ಬಳಿಕ ಮಿತಿ ಹಾಕಿಕೊಳ್ಳಲು ಕುಳಿತವಳು ಬಂದ ಹಣವನ್ನೆಲ್ಲ ಒಳಗೊಳ್ಳುವ ಮಿತಿಯನ್ನೇ ಹಾಕಿಕೊಂಡಾಳು. ಮಿತಿ ಮೊದಲು ನಿಂತಿದ್ದರೆ, ಮೀರಿದ ಹಣ ಬರುವ ದಿನವೇ ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಹೋಗುತ್ತದೆ. ಇಲ್ಲದಿದ್ದರೆ ಮಾರಾಟವು ತ್ಯಾಗವಲ್ಲ. ನೆಲದಡಿಯ ರಾಶಿಯನ್ನು ಬ್ಯಾಂಕಿಗೆ ಸಾಗಿಸಿದ್ದು ಅಷ್ಟೆ.

ಮಾರುವ ತೊಂದರೆಯೇ ಬೇಡ, ರಾಜಧನದ ಪಾಲನ್ನೇ ಬಸದಿಗೆ ಬರೆದುಕೊಡಬಾರದೇಕೆ ಎಂಬ ಸಲಹೆಯೂ ಬರುವುದುಂಟು. ಗದ್ದೆ ತೋಟಗಳನ್ನು ಬಸದಿಗೆ ದತ್ತಿ ಬಿಟ್ಟ ಶಾಸನಗಳು ಈ ನಾಡಿನಲ್ಲಿ ಎಷ್ಟೋ ಇವೆ, ಉಳುಮೆಯಲ್ಲಿಯೂ ಹಿಂಸೆಯಿದೆಯಷ್ಟೆ. ಆದರೆ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು, ಪಡೆದವರಲ್ಲಿ ರಾಗದ್ವೇಷ, ಅಸಂಯಮ, ಮದ, ದುಃಖ, ಭಯಗಳನ್ನು ಹುಟ್ಟಿಸುವ ವಸ್ತುವು ದಾನಯೋಗ್ಯವಲ್ಲವೆಂದು ಸೂಚಿಸಿದ್ದಾರೆ. ಗದ್ದೆಯ ಬೆಳೆಯಿಂದ ಅನ್ನದಾನ ನಡೆಯುತ್ತಿತ್ತು. ತಾನು ದರದ ಪತ್ರಿಕೆ ನೋಡಲು ಹೆದರುವ ವ್ರತಿಯು ಬಸದಿಯ ವ್ಯವಸ್ಥಾಪಕರ ಕೈಗೆ ಅದೇ ಪತ್ರಿಕೆಯನ್ನು ಕೊಡುವುದು ಉಚಿತವೆನಿಸದು.

ಹೀಗಿರಲು ಆ ತಾಯಿಯ ದಾರಿ ಬಹುಮಟ್ಟಿಗೆ ತಿಳಿಯಾಗಿದೆ. ಅವಳು ಮೊದಲು ಪರಿಮಾಣವನ್ನು ಬರೆದಿಡುತ್ತಾಳೆ. ಬಳಿಕ ಮಗನಿಗೆ, “ಬಾವಿ ಇರುವ ತುಂಡಿನ ನನ್ನ ಪಾಲನ್ನು ಮಾತ್ರ ಬೇರೆ ಪತ್ರ ಮಾಡಿಸಿ ಮಾರಪ್ಪ, ಇನ್ನೊಂದಕ್ಕೆ ನನ್ನ ಸಹಿ ಇಲ್ಲ” ಎಂದು ತಿಳಿಸುತ್ತಾಳೆ. ಖರೀದಿದಾರನು ಬಯಸಿದ್ದು ಬಹುಶಃ ಬಾವಿಯಾಗದ ತುಂಡನ್ನೇ. ಅದಿಲ್ಲವೆಂದ ಮೇಲೆ ಅವನು ಬೆಲೆಯನ್ನು ಬಹಳ ಇಳಿಸಿದರೆ ಆಶ್ಚರ್ಯವಿಲ್ಲ. ಇಳಿದ ಆ ಬೆಲೆಗೂ ಅವಳು ಒಪ್ಪುವಳು. ಮಾರಿದ ತುಂಡಿನಲ್ಲಿಯೂ ಒಂದು ಸೂಕ್ಷ್ಮವಿದೆ: ಬಾವಿಗಳು ಬತ್ತಿ ಗುತ್ತಿಗೆ ಮುಗಿದ ದಿನ ‘ಬೇಡ’ ಎನ್ನುವ ಅಧಿಕಾರವು ಮೂಲ ಹಕ್ಕುದಾರರಿಗೆ ಹಿಂದಿರುಗುತ್ತದೆ. ಆದುದರಿಂದ ಪತ್ರದಲ್ಲಿ ಈಗಿನ ಬಾವಿಗಳ ರಾಜಧನವನ್ನಷ್ಟೇ ಕೊಟ್ಟು, ಅನಿಲದ ಮೂಲ ಹಕ್ಕನ್ನು ಉಳಿಸಿಕೊಳ್ಳುವಂತೆ ಬರೆಸಬೇಕು. ಅಲ್ಲಿಯ ವಕೀಲರಿಗೆ ಇದು ಹೊಸದಲ್ಲ.

ಉಳಿಯುವ ತೊಡಕು ಒಂದೇ. ಆದಾಯವಿಲ್ಲದ ಆ ಹಕ್ಕನ್ನು ಅವಳು ತನ್ನ ಪರಿಮಾಣದ ಪಟ್ಟಿಯಲ್ಲಿ ಸೇರಿಸಲೇಬೇಕು, ಏಕೆಂದರೆ ಅದಕ್ಕೆ ಬೆಲೆಯುಂಟು. ಮುಂದೆ ಒಂಬತ್ತನೆಯದಾದ ಪರಿಗ್ರಹತ್ಯಾಗ ಪ್ರತಿಮೆಗೆ ಏರಿದರೆ ಅದನ್ನೂ ಬಿಡಬೇಕು. ಬಿಟ್ಟರೆ ಅದು ಮಕ್ಕಳಿಗೆ ಹೋಗುತ್ತದೆ. ಮಗಳು ಅದನ್ನು ಕಾಯುವಳು. ಮಗನು ಕಾಯುವನೇ ಎಂಬುದನ್ನು ಅವಳು ಈಗಲೇ, ಪರ್ವ ಬರುವ ಮೊದಲೇ, ಅವನನ್ನು ಕೂರಿಸಿಕೊಂಡು ಕೇಳಬೇಕಾಗಿದೆ.