ನೆಲದೊಳಗಿನ ನಿಧಿಯೂ ನಮ್ಮ ಧರ್ಮವೂ

ನಮ್ಮ ಸೀಮೆಯಲ್ಲಿ ತೆಂಗಿನ ಸಸಿಗೆ ಗುಂಡಿ ತೆಗೆಯುವಾಗ ಹಳೆಯ ಮಡಕೆಯ ಚೂರೋ ಮುರಿದ ವೀರಗಲ್ಲೋ ಗುದ್ದಲಿಗೆ ತಾಗುವುದುಂಟು. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯ ಸುತ್ತಿನಲ್ಲಿ ಹಳೆಯ ಶಿಲಾಯುಗದವರ ಕಲ್ಲಿನ ಆಯುಧಗಳೇ ದೊರೆತಿವೆ. ಇಂಥ ನೆಲದ ಮೇಲೆ ಬಾಳತಕ್ಕವರಿಗೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಭೂಮಿಯೊಳಗೆ ಒಂದು ವಸ್ತುವಿದೆಯೆಂದು ತಿಳಿದ ಮಾತ್ರಕ್ಕೆ ಅದನ್ನು ಹೊರತೆಗೆಯುವ ಅಧಿಕಾರವು ನಮಗೆ ಬರುವುದೆ?

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಅಶೋಕನ ಶಾಸನವನ್ನು ಕಂಡುಹಿಡಿದರು. ಅದು ಬಂಡೆಯ ಮೇಲಣ ಬರಹ. ಎಷ್ಟು ಮಂದಿ ಓದಿದರೂ ಅಲ್ಲಿಯೇ ಉಳಿಯುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರರು ಅಲ್ಲಿಯೇ ನೆಲವನ್ನು ಪದರಪದರವಾಗಿ ಅಗೆಸಿ, ದಕ್ಷಿಣದೇಶದ ಪ್ರಾಚೀನ ಸಂಸ್ಕೃತಿಗಳ ಅನುಕ್ರಮವನ್ನು ತೋರಿಸಿಕೊಟ್ಟರು. ಆ ಉಪಕಾರವು ದೊಡ್ಡದು. ಆದರೆ ನೆಲವೆಂಬ ಗ್ರಂಥದಲ್ಲಿ ಓದಿದ ಹಾಳೆಯನ್ನು ಓದಿದವನೇ ಹರಿಯಬೇಕಾಗುತ್ತದೆ; ಅಗೆದ ಪದರವನ್ನು ಮೊದಲಿನಂತೆ ಜೋಡಿಸಿಡುವುದು ಯಾರಿಂದಲೂ ಆಗದು.

ಈಗ ಅಗೆಯದೆಯೇ ನೋಡುವ ಉಪಾಯವೊಂದು ಬಂದಿದೆ. ರೇಡಾರ್ ಯಂತ್ರವನ್ನು ನೆಲದ ಮೇಲೆ ಎಳೆದುಕೊಂಡು ಹೋದರೆ ಅದು ರೇಡಿಯೋ ಅಲೆಗಳನ್ನು ಒಳಕ್ಕೆ ಕಳುಹಿಸುತ್ತದೆ. ಮಣ್ಣು ಮುಗಿದು ಕಲ್ಲೋ ಪೊಳ್ಳೋ ಆರಂಭವಾಗುವೆಡೆಯಲ್ಲಿ ಅಲೆಯ ಒಂದಂಶವು ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಹೊತ್ತಿನಿಂದ ಆಳವನ್ನು ಎಣಿಸುತ್ತಾರೆ. ಇಟಲಿಯ ಫಲೇರಿ ನೋವಿ ಎಂಬ ರೋಮನರ ಪಟ್ಟಣದ ಸುಮಾರು 75 ಎಕರೆಯ ನಕ್ಷೆಯನ್ನು, ದೇವಾಲಯ, ಸಂತೆಕಟ್ಟಡ, ಸ್ನಾನಗೃಹಗಳ ಸಹಿತ, ಕೇಂಬ್ರಿಜ್ ಮತ್ತು ಘೆಂಟ್ ವಿದ್ವಾಂಸರು ಹೀಗೆ ಬರೆದು 2020ರಲ್ಲಿ ಪ್ರಕಟಿಸಿದರು.

ಹಾಗಾದರೆ ಗುದ್ದಲಿಯನ್ನು ತ್ಯಜಿಸಬಹುದೆ? ಸಾಲದು. ಯಂತ್ರವು ಕೊಡುವುದು ಪ್ರತ್ಯಕ್ಷವಲ್ಲ, ಅನುಮಾನ. ಹೊಗೆಯಿಂದ ಬೆಂಕಿಯನ್ನು ಊಹಿಸುವವನು ಮಂಜನ್ನೇ ಹೊಗೆಯೆಂದು ಭ್ರಮಿಸಿದರೆ ಮೋಸಹೋಗುವಂತೆ, ಮರದ ಬೇರನ್ನು ಗೋಡೆಯ ಗುರುತೆಂದು ತಿಳಿಯುವ ಅಪಾಯವುಂಟು. ಕೆರೆಯ ಕೆಳಗಿನ ಒದ್ದೆ ಜೇಡಿಯಲ್ಲಿ ಅಲೆಯು ಬೇಗನೆ ಅಡಗಿಹೋಗುವುದರಿಂದ, ಕಾಣದ್ದು ಇಲ್ಲವೆಂದೂ ಹೇಳಲಾಗದು. ನಿಶ್ಚಯಜ್ಞಾನಕ್ಕೆ ಎಲ್ಲಿಯಾದರೂ ಒಂದಿಷ್ಟು ಅಗೆಯಲೇಬೇಕು.

ಆದುದರಿಂದ ಧರ್ಮವು ಅಗೆಯದಿರುವುದರಲ್ಲಿಲ್ಲ, ಮಿತಿಯಲ್ಲಿದೆ. ರಸ್ತೆಗೋ ನಾಲೆಗೋ ನೆಲವು ಹೇಗೂ ಹೋಗುವಂತಿದ್ದರೆ, ಅಥವಾ ಬೇರೆ ಮಾರ್ಗದಿಂದ ತೀರದ ಸಂಶಯವಿದ್ದರೆ, ಅಗೆಯಲಿ. ಉಳಿದುದನ್ನು ನಮಗಿಂತ ಒಳ್ಳೆಯ ಉಪಕರಣಗಳುಳ್ಳ ಮುಂದಿನವರಿಗೆ ಬಿಡಲಿ. ನಿಧಿಯಾಸೆಯಿಂದ ಹಾಳುಗುಡಿಯ ಪೀಠವನ್ನು ಕೀಳುವವನನ್ನು ಕಳ್ಳನೆನ್ನುತ್ತೇವೆ. ಜ್ಞಾನಾರ್ಥಿಯು ಅವನಂಥವನಲ್ಲ, ಆದರೂ ಎಲ್ಲವನ್ನೂ ತಾನೇ ತಿಳಿದು ಮುಗಿಸಬೇಕೆಂಬುದು ಸಹ ಒಂದು ಲೋಭವೇ. ಪಿತೃಋಣವನ್ನು ತೀರಿಸುವುದು ಮಕ್ಕಳ ಮೂಲಕವೆಂದು ಹಿರಿಯರು ತಿಳಿದಿದ್ದರು. ಮೊಮ್ಮಕ್ಕಳು ಕಾಯಿ ಕೀಳಲೆಂದು ತೆಂಗನ್ನು ನೆಡುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.