ಜೀರ್ಣೋದ್ಧಾರದ ಧರ್ಮ ಮತ್ತು ಒಡೆದ ಹಲ್ಲು

ನಶ್ವರವೆಂದು ತಿಳಿದ ದೇಹದಲ್ಲಿ ಒಂದು ಹಲ್ಲನ್ನು ಉಳಿಸಿಕೊಳ್ಳಲು ಹಣವನ್ನೂ ಶ್ರಮವನ್ನೂ ವ್ಯಯಿಸುವುದು ಧರ್ಮವೋ ದೇಹಮೋಹವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದೆನಿಸಿದರೂ, ಕನ್ನಡ ನಾಡಿನ ಧಾರ್ಮಿಕ ಚಿಂತನೆ ದೇಹವನ್ನು ಹೇಗೆ ಕಂಡಿದೆ ಎಂಬ ದೊಡ್ಡ ವಿಚಾರಕ್ಕೆ ಅದು ನೇರವಾಗಿ ಒಯ್ಯುತ್ತದೆ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಪ್ರಶ್ನೆ ದಿನದ ಊಟದೊಡನೆ ಬೆರೆತಿದೆ. ಖಡಕ್ ಜೋಳದ ರೊಟ್ಟಿ, ಹುರಿದ ಶೇಂಗಾ, ಹಸಿ ಗಜ್ಜರಿ, ಮೂಲಂಗಿಗಳನ್ನು ಅಗಿದು ಬೆಳೆದ ಜನರಿಗೆ ದವಡೆ ಹಲ್ಲು ಹುಳುಕಾಗಿ ಒಡೆದರೆ ಊಟದ ಕ್ರಮವೇ ಬದಲಾಗುತ್ತದೆ. ಆದರೂ ವಯಸ್ಸಾದ ಮೇಲೆ ಹಲ್ಲು ಹೋಗುವುದು ಸಹಜ, ಕೀಳಿಸಿಬಿಡುವುದೇ ಸರಿ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಆ ಮಾತಿನಲ್ಲಿ ಬಡತನದ ಲೆಕ್ಕಾಚಾರ ಎಷ್ಟು, ವೈರಾಗ್ಯ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಹಲ್ಲಿನ ಹೊರಪದರವಾದ ಎನಾಮಲ್ ಮನುಷ್ಯದೇಹದ ಅತ್ಯಂತ ಗಡಸು ವಸ್ತುವಾಗಿದ್ದು, ಅದರಲ್ಲಿ ಜೀವಕೋಶಗಳಿಲ್ಲದ ಕಾರಣ ಒಮ್ಮೆ ಒಡೆದರೆ ಮತ್ತೆ ಬೆಳೆಯಲಾರದು. ಮುರಿದ ಎಲುಬು ಕೂಡಿಕೊಳ್ಳುತ್ತದೆ, ಗಾಯದ ಚರ್ಮ ಮಾಯುತ್ತದೆ. ಹಲ್ಲು ಮಾತ್ರ ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದೆ ಮನುಷ್ಯನ ಕೈಗೆ ಕಾಯುತ್ತದೆ. ಜನ ಸಾಮಾನ್ಯವಾಗಿ ಕ್ಯಾಪ್ ಎಂದು ಕರೆಯುವ ಕ್ರೌನ್, ಹೀಗೆ ದುರ್ಬಲವಾದ ಹಲ್ಲಿನ ವಸಡಿನ ಮೇಲಿನ ಭಾಗವನ್ನು ಸುತ್ತಲೂ ಮುಚ್ಚುವ ಕವಚವಾಗಿದೆ. ಹುಳುಕು ಆಳಕ್ಕಿಳಿದು ಒಳಗಿನ ನರ ಮತ್ತು ರಕ್ತನಾಳಗಳಿರುವ ತಿರುಳನ್ನು ಮುಟ್ಟಿದ್ದರೆ, ಮೊದಲು ರೂಟ್ ಕೆನಾಲ್ ಚಿಕಿತ್ಸೆಯಿಂದ ಆ ತಿರುಳನ್ನು ತೆಗೆದು ಬೇರಿನ ಕಾಲುವೆಯನ್ನು ಶುಚಿಗೊಳಿಸಿ ತುಂಬುತ್ತಾರೆ. ಬಳಿಕ ಹಲ್ಲನ್ನು ಮೇಲುಗಡೆ ಸುಮಾರು 1.5ರಿಂದ 2 ಮಿಲಿಮೀಟರ್, ಬದಿಗಳಲ್ಲಿ ಅದಕ್ಕಿಂತ ಕಡಿಮೆ ತೇಯ್ದು, ಅಚ್ಚು ತೆಗೆದು, ಲೋಹ, ಪಿಂಗಾಣಿ ಅಥವಾ ಜಿರ್ಕೋನಿಯಾದಿಂದ ಮಾಡಿದ ಕವಚವನ್ನು ಸಿಮೆಂಟಿನಿಂದ ಕೂಡಿಸುತ್ತಾರೆ. ಅಮೆರಿಕದ ಡೆಟ್ರಾಯ್ಟ್ ನಗರದ ವೈದ್ಯ ಚಾರ್ಲ್ಸ್ ಲ್ಯಾಂಡ್ 20ನೆಯ ಶತಮಾನದ ಆರಂಭದಲ್ಲಿ ಪಿಂಗಾಣಿಯ ಕವಚವನ್ನು ಬಳಕೆಗೆ ತಂದ ಮೇಲೆ ವಸ್ತುಗಳು ಬಹಳ ಬದಲಾಗಿವೆಯಾದರೂ, ಬೇರನ್ನು ಅದರ ಸ್ಥಾನದಲ್ಲೇ ಉಳಿಸಿ ಮೇಲಿನದನ್ನು ಮತ್ತೆ ಕಟ್ಟುವ ತತ್ತ್ವ ಹಾಗೆಯೇ ಉಳಿದಿದೆ.

ವೈರಾಗ್ಯದ ಪಕ್ಷದಿಂದ ಬರುವ ಆಕ್ಷೇಪವನ್ನು ಮೊದಲು ಅದರ ಪೂರ್ಣ ಬಲದಲ್ಲಿ ಕೇಳಬೇಕು. ಆದಿಕವಿ ಪಂಪನ ತಾಯಿಯ ಮೂಲ ಅಣ್ಣಿಗೇರಿ. ಅವನು 941ರಲ್ಲಿ ಮುಗಿಸಿದ ‘ಆದಿಪುರಾಣ’ ಒಂದೇ ಜೀವ ಭವದಿಂದ ಭವಕ್ಕೆ ದೇಹಗಳನ್ನು ಕಳಚುತ್ತ ಸಾಗುವ ಕಥೆ. ಅಂಥ ದೃಷ್ಟಿಯಲ್ಲಿ ಒಂದು ಹಲ್ಲಿನ ಚಿಂತೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ದೇಹತ್ಯಾಗವನ್ನು ಅತ್ಯಂತ ಗಂಭೀರವಾಗಿ ಚರ್ಚಿಸಿದ ಜೈನ ಧರ್ಮವೇ ಅದಕ್ಕೆ ಕಟ್ಟುನಿಟ್ಟಾದ ಮಿತಿಯನ್ನೂ ಹಾಕಿದೆ. ಆಹಾರವನ್ನು ಕ್ರಮವಾಗಿ ತ್ಯಜಿಸಿ ದೇಹವನ್ನು ಬಿಡುವ ಸಲ್ಲೇಖನ ವ್ರತವನ್ನು ವಿವರಿಸುವಾಗ, ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಉಪಸರ್ಗ (ಎದುರಾಗುವ ಉಪದ್ರವ), ಬರ, ಮುಪ್ಪು, ರೋಗಗಳು ಪ್ರತೀಕಾರವೇ, ಎಂದರೆ ಪರಿಹಾರವೇ, ಇಲ್ಲದ ಹಂತವನ್ನು ಮುಟ್ಟಿರಬೇಕು ಎಂಬ ನಿಯಮವಿಡುತ್ತದೆ. ಸಮಂತಭದ್ರರಿಗೆ ಎಷ್ಟು ಉಂಡರೂ ತಣಿಯದ ಭಸ್ಮಕ ರೋಗ ತಗುಲಿದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರು ಅದನ್ನು ನಿರಾಕರಿಸಿ ಮೊದಲು ರೋಗವನ್ನು ಕಳೆದುಕೊಳ್ಳಲು ಆಜ್ಞಾಪಿಸಿದರೆಂದೂ ಜೈನ ಪರಂಪರೆ ಹೇಳುತ್ತದೆ. ಇದರಿಂದ ಹೊರಡುವ ತೀರ್ಮಾನ ಸ್ಪಷ್ಟ: ಪ್ರತೀಕಾರ ಸಾಧ್ಯವಿರುವ ಕಡೆ ದೇಹವನ್ನು ಕೆಡಲು ಬಿಡುವುದು ವೈರಾಗ್ಯದ ಲಕ್ಷಣವಾಗದು, ಅದು ಕೇವಲ ಅಲಕ್ಷ್ಯ.

ಕುಂದಗೋಳ ತಾಲ್ಲೂಕಿನ ಕಳಸ ಗ್ರಾಮದ ಗುರು ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು (1819–1889) ದೇಹವನ್ನು ಸೋರುವ ಮಾಳಿಗೆಯ ಮನೆಯಾಗಿ ಹಾಡಿದ್ದು ಈ ಭಾಗದ ಎಲ್ಲ ಭಜನಾ ಮೇಳಗಳಿಗೂ ಗೊತ್ತು. ಮಳೆಗಾಲದ ಮುನ್ನ ಮಣ್ಣಿನ ಮಾಳಿಗೆಯನ್ನು ಸರಿಪಡಿಸಿಕೊಳ್ಳದಿದ್ದರೆ ತೊಲೆಯೇ ಕೊಳೆಯುವುದೆಂದು ಬಲ್ಲ ರೈತರ ನಡುವೆ ಹುಟ್ಟಿದ ಆ ತತ್ತ್ವಪದದ ವ್ಯಥೆ ಮನೆ ನಶ್ವರವೆಂಬುದಕ್ಕಿಂತ ಹೆಚ್ಚಾಗಿ ಅಜ್ಞಾನದಿಂದ ಅದು ಸೋರುತ್ತಿದೆ, ಗಟ್ಟಿ ಮಾಡುವವರಿಲ್ಲ ಎಂಬುದರ ಕುರಿತಾಗಿದೆ. ಅಲ್ಲಿನ ರಿಪೇರಿ ಆತ್ಮಕ್ಕೆ ಸಂಬಂಧಿಸಿದ್ದು ಎಂಬುದು ನಿಜ. ಹಾಗಿದ್ದರೂ ಸೋರಿಕೆಯನ್ನು ಸಹಜವೆಂದು ಒಪ್ಪಿ ಕುಳಿತುಕೊಳ್ಳುವ ಮನೋಭಾವಕ್ಕೆ ಶರೀಫರಲ್ಲಿ ಆಶ್ರಯ ಸಿಗುವುದಿಲ್ಲ.

ಈ ವಿಚಾರಕ್ಕೆ ಅತ್ಯಂತ ಗಟ್ಟಿಯಾದ ನೆಲೆ ದೊರೆಯುವುದು 12ನೆಯ ಶತಮಾನದ ಶರಣರ ಚಿಂತನೆ ಮತ್ತು ಅದಕ್ಕೂ ಹಿಂದಿನ ಶಾಸನಗಳ ಧರ್ಮ ಒಂದನ್ನೊಂದು ಸೇರುವ ಜಾಗದಲ್ಲಿ. ಬಸವಣ್ಣನವರು ಉಳ್ಳವರ ಕಲ್ಲಿನ ಶಿವಾಲಯದ ಎದುರು ಬಡವನ ದೇಹವನ್ನೇ ದೇಗುಲವಾಗಿ ನಿಲ್ಲಿಸಿದರು. ಕನ್ನಡ ಶಾಸನಗಳಾದರೋ ದೇವಾಲಯಕ್ಕೆ ಭೂಮಿಯನ್ನು ದತ್ತಿ ಬಿಡುವಾಗ ಪೂಜೆ, ಉತ್ಸವ, ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವನ್ನು, ಎಂದರೆ ಮುರಿದು ಬಿರುಕು ಬಿಟ್ಟ ಭಾಗಗಳ ದುರಸ್ತಿಯನ್ನು, ಮತ್ತೆ ಮತ್ತೆ ಹೆಸರಿಸಿ ಅದಕ್ಕೂ ಉತ್ಪನ್ನವನ್ನು ಮೀಸಲಿಡುತ್ತವೆ. ಅಣ್ಣಿಗೇರಿಯ ಅಮೃತೇಶ್ವರದಂಥ, 11ನೆಯ ಶತಮಾನದಲ್ಲಿ ಕಲ್ಯಾಣ ಚಾಳುಕ್ಯರ ಕಾಲದಲ್ಲಿ ಬಳಪದ ಕಲ್ಲಿನಿಂದ ಕಟ್ಟಿದ ಗುಡಿಯೂ ಒಂದು ದಿನ ಬಿರಿಯುತ್ತದೆಂದು ಆ ಕಾಲದವರಿಗೆ ಗೊತ್ತಿತ್ತು. ಅದಕ್ಕಾಗಿಯೇ ಅವರು ದುರಸ್ತಿಯನ್ನು ಆರಾಧನೆಯ ಅಂಗವಾಗಿ ಕಂಡರು. ದೇಹವೇ ದೇಗುಲವಾದರೆ ಜೀರ್ಣೋದ್ಧಾರದ ಧರ್ಮವೂ ದೇಹಕ್ಕೆ ಬರಲೇಬೇಕು. ಗರ್ಭಗುಡಿಯ ಮೂರ್ತಿಯನ್ನು ಕದಲಿಸದೆ ಶಿಖರವನ್ನು ಮತ್ತೆ ಕಟ್ಟುವ ಸ್ಥಪತಿಯ ವಿವೇಕವೇ ಬೇರನ್ನು ಕದಲಿಸದೆ ಹಲ್ಲಿನ ಮೇಲ್ಭಾಗವನ್ನು ಮುಚ್ಚುವ ದಂತವೈದ್ಯನಲ್ಲಿಯೂ ಇರಬೇಕಾಗುತ್ತದೆ.

ಈ ಧರ್ಮ ಎಲ್ಲ ಹಲ್ಲಿಗೂ ಕ್ಯಾಪ್ ಹಾಕಿಸಲು ಪರವಾನಗಿ ಕೊಡುವುದಿಲ್ಲ. ತೇಯ್ದ ಎನಾಮಲ್ ಮರಳಿ ಬಾರದು. ಆದ್ದರಿಂದ ಸಣ್ಣ ಹುಳುಕಿಗೆ ತುಂಬುವಿಕೆ ಸಾಕಾಗುವಲ್ಲಿ ಕ್ರೌನಿಗಾಗಿ ಗಟ್ಟಿ ಹಲ್ಲನ್ನು ತೇಯುವುದು ನಿಂತ ಗೋಡೆಯನ್ನು ಕೆಡವಿದಂತೆ, ಕೇವಲ ಅಂದಕ್ಕಾಗಿ ಅಥವಾ ಚಿನ್ನದ ಹೊಳಪಿಗಾಗಿ ಹಾಗೆ ಮಾಡುವುದು ಇನ್ನೂ ದೊಡ್ಡ ತಪ್ಪು. ಇನ್ನೊಂದು ತುದಿಯಲ್ಲಿ, ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿಲ್ಲದಿದ್ದರೆ ಕವಚಕ್ಕೆ ಹಿಡಿತ ಸಾಲದು. ಬೇರೇ ಸೀಳಿದ್ದರೆ ಕೀಳುವುದೇ ಸಾಮಾನ್ಯವಾಗಿ ಉಳಿಯುವ ದಾರಿ, ಅಂಥಲ್ಲಿ ಬಿಡುವುದನ್ನು ಒಪ್ಪಿಕೊಳ್ಳುವುದೂ ಧರ್ಮವೇ. ಕ್ರೌನ್ ಹಾಕಿದ ಮೇಲೂ ಅದರ ಅಂಚು ವಸಡಿನ ಬಳಿ ಹಲ್ಲನ್ನು ಕೂಡುವಲ್ಲಿ ಹೊಸ ಹುಳುಕು ಹುಟ್ಟಬಹುದಾದ್ದರಿಂದ ದಿನವೂ ಶುಚಿ ಮಾಡಬೇಕು, ತಂಬಾಕು ಮತ್ತು ಗುಟ್ಕಾ ಬಿಡಬೇಕು. ಚೆನ್ನಾಗಿ ನೋಡಿಕೊಂಡರೆ ಸಾಮಾನ್ಯವಾಗಿ 10ರಿಂದ 15 ವರ್ಷ, ಕೆಲವೊಮ್ಮೆ ಹೆಚ್ಚು ಬಾಳುವ ಈ ಕವಚ ಅಮರತ್ವದ ಭರವಸೆ ಕೊಡುವುದಿಲ್ಲ. ಕಾಯಕ ಮಾಡುವ ದೇಹಕ್ಕೆ ಅನ್ನವನ್ನು ಅಗಿಯುವ ಶಕ್ತಿಯನ್ನು ಇನ್ನಷ್ಟು ಕಾಲ ಉಳಿಸಿಕೊಡುತ್ತದೆ, ಅಷ್ಟೇ.

ಉಳಿದಿರುವುದು ನ್ಯಾಯದ ಪ್ರಶ್ನೆ. ರೂಟ್ ಕೆನಾಲ್ ಮತ್ತು ಕ್ರೌನ್ ಸೇರಿ ಹಲವು ಭೇಟಿಗಳು ಬೇಕಾಗುತ್ತವೆ. ಕಲಘಟಗಿಯ ಒಳಹಳ್ಳಿಯ ಕೂಲಿಕಾರ್ಮಿಕಳಿಗೆ ಹುಬ್ಬಳ್ಳಿ ಅಥವಾ ಧಾರವಾಡಕ್ಕೆ ಹೋಗಿಬರುವ ಪ್ರತಿ ಭೇಟಿಯೂ ಒಂದು ದಿನದ ಪಗಾರದ ನಷ್ಟ, ಆದರೆ ಹಲ್ಲು ಕೀಳಿಸುವುದು ಒಂದೇ ದಿನದ ಕೆಲಸ. ಹೀಗೆ ಬಡತನ ಮಾಡಿದ ಆಯ್ಕೆಗೆ ವೈರಾಗ್ಯದ ಹೆಸರು ಕೊಡುವುದು ವೈರಾಗ್ಯಕ್ಕೂ ಬಡವರಿಗೂ ಮಾಡುವ ಅನ್ಯಾಯ. ಬಡ ರೋಗಿಗೆ ಚಿಕಿತ್ಸೆ ತಲುಪಿಸುವ ಪರಂಪರೆ ಈ ನಾಡಿಗೆ ಹೊಸದಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನ ಅನಾಥ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದು ಹೊಗಳಿದೆ. ಅನ್ನ, ಔಷಧ, ವಿದ್ಯೆ, ಅಭಯವೆಂಬ ಚತುರ್ವಿಧ ದಾನವನ್ನು ನಡೆಸಿಕೊಂಡು ಬಂದ ಧರ್ಮಸ್ಥಳ ಕ್ಷೇತ್ರದ ಆಶ್ರಯದಲ್ಲಿಯೇ 1986ರಲ್ಲಿ ಧಾರವಾಡದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದದ್ದು ಆ ಪರಂಪರೆಯ ಮುಂದುವರಿಕೆಯೇ ಆಗಿದೆ. ಆದರೆ ಸಂಸ್ಥೆಯೊಂದು ನಗರದಲ್ಲಿದ್ದ ಮಾತ್ರಕ್ಕೆ ಹಳ್ಳಿಯ ಬಾಯಿಗೆ ಚಿಕಿತ್ಸೆ ತಲುಪದು. ಗುಡಿಯ ಗೋಪುರಕ್ಕೆ ಬಣ್ಣ ಹಚ್ಚಿಸಲು ಜಾತ್ರೆಯಲ್ಲಿ ವಂತಿಗೆ ಎತ್ತುವ ಊರು, ಅದರ ಒಂದು ಪಾಲನ್ನು ಕೂಲಿ ಬಿಟ್ಟು ಚಿಕಿತ್ಸೆಗೆ ಹೋಗಬೇಕಾದವರ ಪಗಾರಕ್ಕೂ ಬಸ್ ಖರ್ಚಿಗೂ ಮೀಸಲಿಟ್ಟರೆ ಅದು ಶಾಸನಗಳು ಹೇಳಿದ ಜೀರ್ಣೋದ್ಧಾರದ ದತ್ತಿಯೇ ಆಗುತ್ತದೆ. ದೇಹವೇ ದೇಗುಲವೆಂದು ಹಾಡುವ ಸಮಾಜ ಆ ಮಾತಿಗೆ ಬದ್ಧವಾಗಿದೆಯೇ ಎಂಬುದಕ್ಕೆ ಅಂಥ ದತ್ತಿಯೇ ಪ್ರಮಾಣ.