ದಿನಕ್ಕೊಂದು ಧಮ್ಮ ಚಿಂತನೆ: ಅಪ್ಪನ ರೇಜರ್, ಉಪಾಲಿಯ ಕತ್ತಿ

  

ಹೋದ ವರ್ಷ ವರ್ಷಾವಾಸದ ದಿನಗಳಲ್ಲಿ ನಮ್ಮ ಅಧ್ಯಯನ ಬಳಗದಲ್ಲಿ ಭಿಕ್ಖುವಿನ ಎಂಟು ಪರಿಕರಗಳ ಮಾತು ಬಂದಿತ್ತು. ಮೂರು ಚೀವರ, ಒಂದು ಭಿಕ್ಷಾಪಾತ್ರೆ, ಸೊಂಟಪಟ್ಟಿ, ಸೂಜಿ, ನೀರು ಸೋಸುವ ಬಟ್ಟೆ, ಕ್ಷೌರದ ಕತ್ತಿ. ಅಷ್ಟೇ ಆಸ್ತಿ. ಆಗ ಗೆಳೆಯರೊಬ್ಬರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಅವರಿಗೆ ಒಂದು ಕತ್ತಿ ಸಾಕಾಯ್ತು. ನಿಮ್ಮತ್ರ ಎಷ್ಟಿವೆ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗಿ ಎಣಿಸಿದೆ. 23 ಇದ್ದವು. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವರ್ಷ ಹಿಡಿಯಿತು. ಇವತ್ತಿನ ಚಿಂತನೆ ಅದೇ.

ಮೊದಲನೆಯದು ಅಪ್ಪನದು. ಅಪ್ಪ ಚಾಮರಾಜನಗರದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು, ಕಚೇರಿಯೊಂದರಲ್ಲಿ ಜವಾನರಾಗಿ ಸೇರಿ, ಬನಶಂಕರಿಯಲ್ಲಿ ಒಂದು ಕೋಣೆಯ ಮನೆ ಹಿಡಿದವರು. ಮೊದಲ ಸಂಬಳದಲ್ಲಿ ಅವರು ಕೊಂಡದ್ದು ಹೊಸ ಅಂಗಿಯನ್ನಲ್ಲ, ಹಳೇ ಸಾಮಾನಿನ ಅಂಗಡಿಯಲ್ಲಿದ್ದ ಒಂದು ಜಿಲೆಟ್ ರೇಜರ್ ಅನ್ನು. ಹಿತ್ತಾಳೆಯದು, ಮೇಲೆ ನಿಕಲ್ ಲೇಪ, ಬಿಚ್ಚಿದರೆ ಮೂರು ತುಂಡು. ಪ್ರತಿದಿನ ಬೆಳಿಗ್ಗೆ ಕಿಟಕಿಗೆ ಕನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದರು. ನಾನು ಬಾಯಿ ಬಿಟ್ಟು ನೋಡುತ್ತಿದ್ದರೆ, "ನಮ್ಮ ಗಡ್ಡವ ನಾವೇ ಹೆರಕಂಡ್ರ ಯಾರ ಹಂಗೂ ಇಲ್ಲ ಕನ ಮಗ" ಅನ್ನುತ್ತಿದ್ದರು.

ಆ ಹಂಗು ಯಾವುದು ಅಂತ ತಿಳಿದದ್ದು ದೊಡ್ಡವನಾದ ಮೇಲೆ. ಅವರ ಊರಿನಲ್ಲಿ ಕ್ಷೌರಿಕರಿದ್ದರು. ಆದರೆ ಅವರ ಕತ್ತಿ ನಮ್ಮ ಕೇರಿಯವರ ತಲೆ ಮುಟ್ಟುತ್ತಿರಲಿಲ್ಲ. ಕೇರಿಯ ಹಿರಿಯರೊಬ್ಬರು ಹೊಂಗೆ ಮರದ ಕೆಳಗೆ ಎಲ್ಲರಿಗೂ ಕತ್ತರಿ ಆಡಿಸುತ್ತಿದ್ದರಂತೆ. ಇದು ನಮ್ಮೂರೊಂದರ ಕಥೆಯಲ್ಲ. ಬಾಬಾಸಾಹೇಬರು ತಮ್ಮ ಬಾಲ್ಯ ಕುರಿತು ಬರೆದಿರುವುದು ನಿಮಗೆ ಗೊತ್ತಿದೆ. ಸಾತಾರಾದಲ್ಲಿ ಕ್ಷೌರಿಕರು ಬೇಕಾದಷ್ಟು ಜನ ಇದ್ದರು, ಮನೆಯವರಿಗೆ ಹಣ ಕೊಡುವ ಶಕ್ತಿಯೂ ಇತ್ತು. ಆದರೂ ಯಾರೂ ಒಪ್ಪುತ್ತಿರಲಿಲ್ಲ. ಮಕ್ಕಳ ಕೂದಲು ಕತ್ತರಿಸಿ ಕತ್ತರಿಸಿ ಅಕ್ಕನೇ ಆ ಕೆಲಸದಲ್ಲಿ ಪಳಗಿದ್ದರು.

ಅಮೆರಿಕದ ಕಿಂಗ್ ಜಿಲೆಟ್ ಎಂಬಾತ ಎರಡು ತಗಡಿನ ನಡುವೆ ತೆಳು ಬ್ಲೇಡ್ ಇಟ್ಟು ಮಾಡಿದ ರೇಜರ್‌ಗೆ ಪೇಟೆಂಟ್ ಸಿಕ್ಕಿದ್ದು 1904ರ ನವೆಂಬರ್‌ನಲ್ಲಿ. ಬ್ಲೇಡ್ ಸವೆದರೆ ಮಸೆಯುವ ಹಾಗಿಲ್ಲ, ಬಿಸಾಡಿ ಹೊಸದು ಹಾಕುವುದು. ಅವರ ಲೆಕ್ಕ ವ್ಯಾಪಾರದ್ದು. ನಮ್ಮ ಅಪ್ಪನಂಥವರಿಗೆ ಮಾತ್ರ ಅದು ಇನ್ನೊಬ್ಬರ "ಆಗಲ್ಲ" ಎಂಬ ಮಾತಿನಿಂದ ಸಿಕ್ಕಿದ ಬಿಡುಗಡೆ.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಆ ರೇಜರ್ ಸಿಕ್ಕಿತು. ಬೋರ್‌ವೆಲ್ ನೀರಿನ ಬಿಳಿ ಕಟ್ಟು, ಹಳೆಯ ಸೋಪಿನ ಕೊಳೆ. ಹಿತ್ತಾಳೆ ಚೊಂಬನ್ನು ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ಜೋರಾಗಿ ತಿಕ್ಕಿದೆ. ಕೊಳೆ ಹೋಯಿತು, ಜೊತೆಗೆ ಅಳಿದುಳಿದ ನಿಕಲ್ ಲೇಪವೂ ಹೋಯಿತು. ಹುಳಿ ಲೇಪವನ್ನು ತಿನ್ನುತ್ತದೆ, ಬೂದಿ ಗೀರುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಹಿಡಿಯ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ್ದ ಒಂದು ಗುರುತಿತ್ತು. ಅದನ್ನೂ ನಾನೇ ತಿಕ್ಕಿ ಅಳಿಸಿದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆ ತಪ್ಪನ್ನು ತುಂಬಿಕೊಳ್ಳಲು ಹೊರಟು ಇನ್ನೊಂದು ಕೊಂಡೆ. ಆಮೇಲೆ ಮತ್ತೊಂದು. ಭಾನುವಾರ ಬೆಳಿಗ್ಗೆ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಸಂಡೇ ಬಜಾರ್. ತುಕ್ಕು ಹಿಡಿದ ಬೀಗ, ಕಿವುಡು ರೇಡಿಯೋಗಳ ನಡುವೆ ಒಂದು ರೇಜರ್ ಸಿಕ್ಕರೆ ವಾರವೆಲ್ಲ ಅದರದೇ ಧ್ಯಾನ. ಕೆಲಸ ಕಲಿತೆ: ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ, ಅರ್ಧ ಗಂಟೆ ನೆನೆ, ಮೆತ್ತನೆಯ ಹಳೇ ಹಲ್ಲುಜ್ಜುವ ಬ್ರಷ್, ಸಂದಿಗೆ ಕಡ್ಡಿ, ಒಣಗಿದ ಮೇಲೆ ತಿರುಪಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಅಷ್ಟು ಸಾಕು, ಹೊಳಪಿಗೆ ಆಸೆಪಡಬಾರದು. ಹಳೆಯ ಗಡ್ಡದ ಬ್ರಷ್‌ಗಳಲ್ಲಿ ಹಂದಿಯ, ಕುದುರೆಯ, ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿರುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಬ್ರಷ್ ಕೂದಲಿನಿಂದ ಆಂಥ್ರಾಕ್ಸ್ ರೋಗ ಹರಡಿ ಜನ ಸತ್ತದ್ದುಂಟು. ನಾನು ಹಿಡಿಯನ್ನಷ್ಟೇ ಉಳಿಸಿಕೊಂಡು, ಹಳೇ ಕೂದಲು ತೆಗೆದು ನೈಲಾನ್ ಎಳೆಯ ಕುಚ್ಚು ಅಂಟಿಸುತ್ತೇನೆ. ಆರೋಗ್ಯಕ್ಕೂ ಒಳ್ಳೆಯದು, ಮೊದಲ ಶೀಲಕ್ಕೂ ಒಳ್ಳೆಯದು.

ಮನೆಯಾಕೆ ಒಂದು ದಿನ ಕೇಳಿದಳು: "ರೀ, ಇರೋದು ಒಂದು ಮುಖ. ಇಷ್ಟೊಂದು ಯಾಕ್ರೀ?" ಉತ್ತರ ಇರಲಿಲ್ಲ.

ಉತ್ತರದ ಜಾಡು ಸಿಕ್ಕಿದ್ದು ವಿನಯದಲ್ಲಿ. ಆತುಮಾ ಎಂಬ ಊರಿನಲ್ಲಿ, ಮೊದಲು ಕ್ಷೌರಿಕನಾಗಿದ್ದು ವಯಸ್ಸಾದ ಮೇಲೆ ಭಿಕ್ಖುವಾದ ಒಬ್ಬನಿದ್ದ. ಭಗವಾನರು ಸಂಘದೊಂದಿಗೆ ಬರುತ್ತಾರೆಂದು ಕೇಳಿ, ಅವರ ಊಟಕ್ಕೆ ಅಕ್ಕಿ, ಉಪ್ಪು, ಎಣ್ಣೆ ಕೂಡಿಸಲು ತನ್ನ ಇಬ್ಬರು ಮಕ್ಕಳ ಕೈಗೆ ಕ್ಷೌರದ ಸಾಮಾನು ಕೊಟ್ಟು ಮನೆಮನೆಗೆ ಕಳಿಸಿದ. ಬೇಡದವರೂ ಕ್ಷೌರ ಮಾಡಿಸಿಕೊಂಡು ಧಾರಾಳವಾಗಿ ಕೊಟ್ಟರು. ಭಗವಾನರು ಅದನ್ನು ಒಪ್ಪಲಿಲ್ಲ. ಹಿಂದೆ ಕ್ಷೌರಿಕನಾಗಿದ್ದ ಭಿಕ್ಖು ಕ್ಷೌರದ ಸಾಮಾನನ್ನು ಜೊತೆಯಲ್ಲಿಟ್ಟುಕೊಳ್ಳಬಾರದು ಎಂದು ನಿಯಮ ಮಾಡಿದರು.

ಗಮನಿಸಿ. ಉಳಿದ ಭಿಕ್ಖುಗಳಿಗೆ ಕತ್ತಿ, ಮಸೆಯುವ ಕಲ್ಲು, ಒರೆ ಎಲ್ಲಕ್ಕೂ ಅಪ್ಪಣೆಯಿದೆ. ಇವನೊಬ್ಬನಿಗೆ ಇಲ್ಲ. ಯಾಕೆ? ನನಗೆ ತೋಚಿದ್ದು ಹೇಳುತ್ತೇನೆ. ಉಳಿದವರ ಕೈಯಲ್ಲಿ ಅದು ಬರೀ ಕತ್ತಿ. ಇವನ ಕೈಯಲ್ಲಿ ಅದು "ನಾನು". ವಸ್ತು ಒಂದೇ. ಒಬ್ಬನಿಗೆ ಪರಿಕರ, ಇನ್ನೊಬ್ಬನಿಗೆ ಸಂಕೋಲೆ. ನನ್ನ 23 ರೇಜರ್‌ಗಳೂ ರೇಜರ್‌ಗಳಾಗಿರಲಿಲ್ಲ. ಒಂದೊಂದೂ ಆ ಊರಿನ ಕ್ಷೌರಿಕನಿಗೆ ನಾನು ಕೊಡುತ್ತಿದ್ದ ಉತ್ತರವಾಗಿತ್ತು. ನನ್ನ ಬೀರುವಿನಲ್ಲಿ ಕೂಡಿಟ್ಟದ್ದು ಸಿಟ್ಟು. ಅದಕ್ಕೆ ದಿನವೂ ಎಣ್ಣೆ ಹಾಕಿ ಒರೆಸುತ್ತಿದ್ದೆ.

ಅಷ್ಟರಲ್ಲಿ ಬಜಾರಿನಲ್ಲಿ ಒಂದು ಮಡಿಚುವ ಕ್ಷೌರದ ಕತ್ತಿ ಸಿಕ್ಕಿತು. ಅದನ್ನು ಮಸೆಯುವುದು ನನಗೆ ಬಾರದು. ನಮ್ಮ ಬೀದಿಯ ಸಲೂನಿನ ಹಿರಿಯರಿಗೆ ತೋರಿಸಿದೆ. ಈಗ ಅವರೂ ಪ್ರತಿ ಗಿರಾಕಿಗೆ ಹೊಸ ಬ್ಲೇಡ್ ಹಾಕುವವರೇ. ಆದರೂ ಕತ್ತಿ ಕಂಡು ಕಣ್ಣರಳಿಸಿದರು. ಒಳಗಿನಿಂದ ಸಾಣೆಕಲ್ಲು, ಚರ್ಮದ ಪಟ್ಟಿ ತಂದರು. "ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ಉಲ್ಟಾ ಎಳೆದ್ರೆ ಚರ್ಮ ಸೀಳೋಗುತ್ತೆ ಮೇಷ್ಟ್ರೇ" ಅಂದರು. ಆ ಪಟ್ಟಿ ಅವರ ತಾತನದಂತೆ, ತುಮಕೂರು ಕಡೆಯದು.

ನಾನು ತಡೆಯಲಾರದೆ ಕೇಳಿಬಿಟ್ಟೆ: "ನಿಮ್ಮ ತಾತ ನಮ್ಮ ಜನಕ್ಕೆ ಕ್ಷೌರ ಮಾಡ್ತಿದ್ರಾ?"

ಅವರ ಕೈ ನಿಂತಿತು. "ಇಲ್ಲ ಸಾರ್. ಮಾಡಿದ್ರೆ ಸುಗ್ಗೀಲಿ ಬರೋ ಆಯ ನಿಂತೋಗ್ತಿತ್ತು. ವರ್ಷದ ರಾಗಿ ಅದೇ. ಹಂಗಂತ ನಮ್ಮನ್ನೇನು ಒಳಗೆ ಕರೀತಿದ್ರಾ? ಬೆಳಿಗ್ಗೆ ಎದುರಿಗೆ ಬಂದ್ರೆ ಅಪಶಕುನ ಅಂತಿದ್ರು. ನಾವು ನಿಮ್ಮನ್ನ ಮುಟ್ಟಲಿಲ್ಲ. ನಾವು ಮುಟ್ಟಿದೋರು ಸ್ನಾನ ಮಾಡೋಗಂಟ ಮನೆ ಒಳಗೆ ಹೋಗ್ತಿರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಪಟ್ಟಿ ತೋರಿಸಿದರು. "ಈ ಚರ್ಮ ಹದ ಮಾಡ್ಕೊಟ್ಟೋರು ನಿಮ್ಮಂಥ ಕೇರಿಯೋರೇ."

ಬಂಧುಗಳೇ, ನಾನು ಇಷ್ಟು ವರ್ಷ ನೋಡದೇ ಹೋದದ್ದು ಇದನ್ನು. ಕೇರಿಯ ಚರ್ಮದ ಮೇಲೆ ಮಸೆದ ಕತ್ತಿ ಕೇರಿಯ ಕೆನ್ನೆ ಮುಟ್ಟುವಂತಿಲ್ಲ. ಈ ಕಟ್ಟಳೆ ಮಾಡಿದವನು ಚರ್ಮ ಹದ ಮಾಡಿದವನೂ ಅಲ್ಲ, ಕತ್ತಿ ಹಿಡಿದವನೂ ಅಲ್ಲ. ಮಾಡಿದವನು ಕುರ್ಚಿಯ ಮೇಲೆ ಕೂತಿದ್ದ. ಬಾಬಾಸಾಹೇಬರು ಜಾತಿಯನ್ನು ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಎಂದದ್ದು ಇದಕ್ಕೇ. ಅನ್ಯಾಯ ಅನ್ಯಾಯವೇ. ಅದನ್ನು ಮರೆಯಿರಿ ಎನ್ನುತ್ತಿಲ್ಲ. ನನ್ನ ಸಿಟ್ಟಿನ ವಿಳಾಸ ತಪ್ಪಾಗಿತ್ತು ಎನ್ನುತ್ತಿದ್ದೇನೆ.

ಈಗ ಉಪಾಲಿಯನ್ನು ನೆನೆಯೋಣ. ಭದ್ದಿಯ, ಅನುರುದ್ಧ, ಆನಂದ, ಭಗು, ಕಿಂಬಿಲ, ದೇವದತ್ತ. ಈ ಆರು ಜನ ಮನೆ ಬಿಟ್ಟು ಹೊರಟಾಗ ಜೊತೆಗಿದ್ದವನು ಅವರ ಕ್ಷೌರಿಕ ಉಪಾಲಿ. ಗಡಿ ದಾಟಿದ ಮೇಲೆ ಒಡವೆಗಳನ್ನೆಲ್ಲ ಗಂಟು ಕಟ್ಟಿ ಅವನಿಗೆ ಕೊಟ್ಟು, ಇದರಲ್ಲಿ ಬದುಕಿಕೋ ಎಂದು ಹಿಂದಕ್ಕೆ ಕಳಿಸಿದರು. ಉಪಾಲಿ ಆ ಗಂಟನ್ನು ಮರಕ್ಕೆ ತೂಗುಹಾಕಿ, ಕಂಡವರು ತೆಗೆದುಕೊಳ್ಳಲಿ ಎಂದು ಬಿಟ್ಟು ಅವರ ಹಿಂದೆಯೇ ಬಂದ. ಆಗ ರಾಜಕುಮಾರರು ಭಗವಾನರಲ್ಲಿ ಬೇಡಿಕೊಂಡದ್ದು ಏನು? ಇವನಿಗೆ ಮೊದಲು ಪ್ರವ್ರಜ್ಯೆ ಕೊಡಿ, ಇವನು ನಮಗೆ ಹಿರಿಯನಾಗಲಿ, ನಾವು ಇವನಿಗೆ ನಮಿಸುವಂತಾಗಲಿ, ಶಾಕ್ಯರೆಂಬ ನಮ್ಮ ಜಂಬ ಇಳಿಯಲಿ ಎಂದು. ಭಗವಾನರು ಹಾಗೆಯೇ ಮಾಡಿದರು. ಪರಿನಿಬ್ಬಾಣದ ನಂತರ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದವನು ಅದೇ ಉಪಾಲಿ. ಎಷ್ಟೋ ಶತಮಾನಗಳ ಮೇಲೆ ನಮ್ಮ ನಾಡಿನಲ್ಲೇ ಬಸವಣ್ಣನವರ ಪಕ್ಕದಲ್ಲಿ ಹಡಪದ ಅಪ್ಪಣ್ಣ ಇದ್ದರು. ಕ್ಷೌರಿಕ ಬಂಧುಗಳು ಇಂದಿಗೂ ಅವರನ್ನು ತಮ್ಮವರೆಂದು ಎದೆಯಲ್ಲಿಟ್ಟುಕೊಂಡಿದ್ದಾರೆ.

ಮಸೆದು ಮುಗಿದ ಮೇಲೆ ಆ ಕತ್ತಿಯನ್ನು ಹಿರಿಯರಿಗೇ ಕೊಟ್ಟೆ. ಆಮೇಲೆ ಕುರ್ಚಿಯಲ್ಲಿ ಕೂತೆ. ನಮ್ಮ ಅಪ್ಪ ಬದುಕಿರುವವರೆಗೆ ಒಮ್ಮೆಯೂ ಸಲೂನಿನ ಕುರ್ಚಿಯಲ್ಲಿ ಕೂರಲಿಲ್ಲ. ಕೂದಲಿಗೆ ಅಮ್ಮನ ಕತ್ತರಿ, ಗಡ್ಡಕ್ಕೆ ಆ ರೇಜರ್. ನಾನೂ ಗಡ್ಡಕ್ಕೆಂದು ಕೂತದ್ದು ಅವತ್ತೇ ಮೊದಲು. ಅವರ ಕೈ ನನ್ನ ಗದ್ದ ಹಿಡಿದು ಮೇಲೆತ್ತಿತು. ಕಣ್ಣು ಮುಚ್ಚಿದೆ. ಅಪ್ಪ ಇರಬೇಕಿತ್ತು ಅನ್ನಿಸಿತು.

ಸಂಗ್ರಹ ಪೂರ್ತಿ ಬಿಟ್ಟೆ ಎಂದರೆ ನಾಲ್ಕನೆಯ ಶೀಲ ಮುರಿದಂತೆ. ಇನ್ನೂ 4 ಇವೆ. ಉಳಿದವು ಬಳಗದ ಗೆಳೆಯರ ಮನೆ ಸೇರಿವೆ. ಅಪ್ಪನದನ್ನು ಈಗಷ್ಟೇ ಮೀಸೆ ಚಿಗುರುತ್ತಿರುವ ಮಗನಿಗೆ ಕೊಟ್ಟೆ. ಅವನಿಗೆ ಅದು ಬರೀ ರೇಜರ್. ಹಾಗೇ ಇರಲಿ.

ಇವತ್ತಿನ ಅಭ್ಯಾಸ ಎರಡು. ಪ್ರವ್ರಜ್ಯೆಯ ಹೊತ್ತಿನಲ್ಲಿ ಗುರು ಶಿಷ್ಯನಿಗೆ ಧ್ಯಾನಕ್ಕೆಂದು ಕೊಡುವುದು ಐದು ವಸ್ತು: ತಲೆಗೂದಲು, ಮೈಗೂದಲು, ಉಗುರು, ಹಲ್ಲು, ಚರ್ಮ. ನಾಳೆ ಕನ್ನಡಿಯ ಮುಂದೆ ನಿಂತಾಗ ಈ ಐದನ್ನೂ ನಿಧಾನವಾಗಿ ನೆನೆಯಿರಿ. ಇವುಗಳಲ್ಲಿ ಜಾತಿ ಎಲ್ಲಿದೆ ಎಂದು ಹುಡುಕಿ. ಎರಡನೆಯದು, ಹಳೇ ಬ್ಲೇಡನ್ನು ಹಾಗೇ ಕಸಕ್ಕೆ ಹಾಕಬೇಡಿ. ಒಂದು ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರಲ್ಲಿ ಕೂಡಿಡಿ, ತುಂಬಿದ ಮೇಲೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಬರೆದು ಬೇರೆಯಾಗಿ ಕೊಡಿ. ಬೆಳಿಗ್ಗೆ ನಮ್ಮ ಕಸಕ್ಕೆ ಕೈ ಹಾಕುವ ಪೌರಕಾರ್ಮಿಕರ ಬೆರಳು ಕುಯ್ಯದಿರಲಿ. ನಮ್ಮ ಕರುಣೆ ಅಲ್ಲಿಂದ ಶುರುವಾಗಲಿ.

ಎಲ್ಲ ಜೀವಿಗಳೂ ಸುಖವಾಗಿರಲಿ. ಸಾಧು, ಸಾಧು, ಸಾಧು.